ಆವಿಗೆಯ ಮುಂದೆ

ನಮ್ಮ ಅಡಿಗೆಮನೆಯಲ್ಲಿ ಈಗ ಮಣ್ಣಿನ ಪಾತ್ರೆಯೆಂಬುದು ಒಂದೇ ಒಂದು ಉಳಿದಿದೆ. ಅದನ್ನೂ ಪೂರ್ತಿಯಾಗಿ ಮಣ್ಣಿನದೆನ್ನುವಂತಿಲ್ಲ. ಹೊಟ್ಟೆಗೆ ತೂತು ಕೊರೆದು ಪ್ಲಾಸ್ಟಿಕ್ಕಿನ ನಲ್ಲಿಯೊಂದನ್ನು ಕೂರಿಸಿದ್ದಾರೆ. ಬೇಸಗೆ ಬಂದೊಡನೆ ನನ್ನ ಮಡದಿ ಅದನ್ನು ಅಟ್ಟದಿಂದ ಇಳಿಸಿ ತೊಳೆದು ನೀರು ತುಂಬುತ್ತಾಳೆ. ಮಳೆ ಹಿಡಿಯುತ್ತಲೇ ಅದು ಮತ್ತೆ ಅಟ್ಟ ಸೇರುತ್ತದೆ. ನನ್ನ ಅಜ್ಜಿಯ ಮನೆಯಲ್ಲಿ ಹೀಗಿರಲಿಲ್ಲ. ಸಾರಿಗೊಂದು, ಹಾಲು ಕಾಯಿಸುವುದಕ್ಕೊಂದು, ಮೊಸರಿಗೆ ಬೇರೊಂದು, ಉಪ್ಪಿಗೂ ಹುಣಿಸೆಹಣ್ಣಿಗೂ ಮೂಲೆಯಲ್ಲಿ ಎರಡು ಕುಡಿಕೆಗಳು, ರಾಗಿ ತುಂಬಲು ನಾನು ಇಣುಕಿದರೂ ತಳ ಕಾಣದ ಗುಡಾಣ, ರೊಟ್ಟಿಗೆ ಓಡು. ಪ್ರತಿಯೊಂದಕ್ಕೂ ಅದರದೇ ಹೆಸರು, ಅದರದೇ ಮೂಲೆ. ಹಾಲಿನ ಗಡಿಗೆಯಲ್ಲಿ ಸಾರು ಮಾಡಿದರೆ ಅಜ್ಜಿ ಮೂರು ದಿನ ಮಾತು ಬಿಡುತ್ತಿದ್ದಳು.

ಪಾತ್ರೆ ಹೋದರೆ ಅದರ ಹೆಸರೂ ಅದರೊಡನೆ ಹೋಗುತ್ತದೆಯೆಂಬುದು ಕನ್ನಡ ಮೇಷ್ಟರಾದ ನನಗೆ ತರಗತಿಯಲ್ಲಿ ಮೇಲಿಂದ ಮೇಲೆ ಮನದಟ್ಟಾಗುವ ಸಂಗತಿ. 2023ರಲ್ಲಿ ಬಿ.ಎ. ವಿದ್ಯಾರ್ಥಿಗಳಿಗೆ ಶಿವಶರಣೆಯರ ವಚನಗಳ ಪಾಠ ಮಾಡುತ್ತಿದ್ದೆ. ಕುಂಬಾರ ಗುಂಡಯ್ಯನ ಹೆಸರನ್ನು ಹಲವರು ಕೇಳಿದ್ದರು. ಅವನು ಮಡಕೆಯನ್ನು ಬಾರಿಸಿದ ನಾದಕ್ಕೆ ಶಿವನೇ ಇಳಿದು ಬಂದು ಕುಣಿದನೆಂಬ ಕಥೆಯನ್ನು ಹರಿಹರ ತನ್ನ ರಗಳೆಯಲ್ಲಿ ಹಾಡಿದ್ದಾನಷ್ಟೆ. ಆದರೆ ಅವನ ಪುಣ್ಯಸ್ತ್ರೀ ಕೇತಲದೇವಿಯನ್ನು ಕೇಳಿದವರಿರಲಿಲ್ಲ. ಕುಂಭೇಶ್ವರನ ಅಂಕಿತದಲ್ಲಿ ಆಕೆಯದೊಂದು ವಚನ ನಮಗೆ ದೊರೆತಿದೆ. ಅದು ಹೊರಡುವುದೇ ಮಣ್ಣಿನ ಹದದಿಂದ. ನಾನು ಹದವೆಂಬ ಮಾತನ್ನು ಹಿಡಿದುಕೊಂಡು, ಪರಿಪಕ್ವತೆ, ಯೋಗ್ಯತೆ, ಸಾಧಕನ ಮನಸ್ಸಿನ ಸಿದ್ಧತೆ ಎಂದೆಲ್ಲ ಅರ್ಥ ಬಿಡಿಸುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಹೆಬ್ಬೆರಳನ್ನು ತೋರುಬೆರಳಿಗೆ ತೀಡುತ್ತ ಕುಳಿತಿದ್ದ. ಏನೆಂದು ಕೇಳಿದೆ. “ಹದ ಇಲ್ಲಿ ಗೊತ್ತಾಗುತ್ತೆ ಸಾರ್,” ಎಂದು ಬೆರಳು ತೋರಿಸಿದ. “ಮಣ್ಣನ್ನು ಬತ್ತಿಯ ಹಾಗೆ ಹೊಸೆದು ಬೆರಳಿಗೆ ಸುತ್ತಬೇಕು. ಬಿರುಕು ಬಿಟ್ಟರೆ ಇನ್ನೂ ತುಳಿಯಬೇಕು. ಬೆರಳಿಗೇ ಅಂಟಿಕೊಂಡರೆ ಮರಳು ಸಾಲದು.”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಪಾಠ ಮುಗಿದ ಮೇಲೆ ಅವನನ್ನು ಕರೆದು, ಮಣ್ಣಿನ ಪಾತ್ರೆಗಳ ಹೆಸರು ಎಷ್ಟು ಬಲ್ಲೆಯೆಂದು ವಿಚಾರಿಸಿದೆ. ಗಡಿಗೆ, ಕೊಡ, ಹರವಿ, ಬಾನಿ, ಮೊಗೆ, ಹೂಜಿ, ಕುಡಿಕೆ, ಗುಡಾಣ, ಹಣತೆ, ಧೂಪಾರತಿ ಎಂದು ಕೈಬೆರಳುಗಳೆಲ್ಲ ಮುಗಿಯುವವರೆಗೆ ಎಣಿಸಿ, ಮದುವೆಯ ಅರಿವೇಣಿಯನ್ನು ಹೇಳಿ, ಕೊನೆಯದೊಂದನ್ನು ಹೇಳಲೋ ಬೇಡವೋ ಎಂದು ಅನುಮಾನಿಸಿ ಸುಮ್ಮನಾದ. ಅದು ಮಸಣಕ್ಕೆ ಹೋಗುವ ಮಡಕೆಯೆಂದು ಆಮೇಲೆ ತಿಳಿಯಿತು. ಅವನದು ಕುಂಬಾರರ ಮನೆ. ತುಮಕೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಊರು.

2024ರ ಫೆಬ್ರವರಿಯಲ್ಲಿ ಅವನ ತಂದೆಯವರೇ ಕಾಲೇಜಿಗೆ ಬಂದರು. ಬಿಳಿಯ ಅಂಗಿ, ಹೆಗಲಿಗೆ ಟವೆಲು. ಉಗುರಿನ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣು. ಕುರ್ಚಿಯ ಅಂಚಿನಲ್ಲಿ ಕುಳಿತು ನೇರವಾಗಿ ವಿಷಯಕ್ಕೆ ಬಂದರು. ಹುಡುಗನಿಗೆ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಗುವುದಿದೆ. ತಿಂಗಳಿಗೆ 18,000 ರೂಪಾಯಿ. ಅವನು ಒಲ್ಲೆನೆನ್ನುತ್ತಾನೆ. ತಿಗುರಿಯ ಮುಂದೆಯೇ ಕೂರುತ್ತೇನೆ, ಖಾನಾಪುರದ ಕುಂಬಾರಿಕೆ ತರಬೇತಿ ಸಂಸ್ಥೆಗೆ ಹೋಗಿ ಬರುತ್ತೇನೆ ಎಂದು ಹಟ ಹಿಡಿದಿದ್ದಾನೆ. “ನಿಮ್ಮ ಮಾತೆಂದರೆ ಅವನಿಗೆ ವೇದವಾಕ್ಯ ಮೇಷ್ಟ್ರೆ. ತಾವು ಒಂದು ಸಲ ಮನೆಗೆ ಬಂದು ಬುದ್ಧಿ ಹೇಳಬೇಕು. ಬರುವ ಶನಿವಾರ ಆವಿಗೆಗೆ ಬೆಂಕಿ ಹಾಕುತ್ತೇವೆ. ಅದನ್ನೂ ನೋಡಿದ ಹಾಗಾಯಿತು.”

ಓದುಗರು ನನ್ನ ಪೇಚನ್ನು ಊಹಿಸಬಹುದು. ಹಳೆಯ ಕಸುಬುಗಳು ಉಳಿಯಬೇಕೆಂದು ಸಭೆಗಳಲ್ಲಿ ಭಾಷಣ ಮಾಡುವ ವರ್ಗಕ್ಕೆ ಸೇರಿದವನು ನಾನು. ಈಗ ಕಸುಬನ್ನು ಬಿಡೆಂದು ಹೇಳುವುದಕ್ಕೆ ನನಗೇ ಆಮಂತ್ರಣ! ಅದೂ ಆ ಕಸುಬಿನಲ್ಲೇ ಐವತ್ತು ವರ್ಷ ಸವೆಸಿದವರಿಂದ.

ಶನಿವಾರ ಮಧ್ಯಾಹ್ನವೇ ಹೋದೆ. ಮನೆಯ ಹಿಂದೆ ಎದೆಯೆತ್ತರದ ದುಂಡನೆಯ ಮಣ್ಣಿನ ಗೋಡೆ, ಮುಂದುಗಡೆ ಬೆಂಕಿಗೆ ಬಾಯಿ, ಅದೇ ಆವಿಗೆ. ಅಪ್ಪನೂ ಮಗನೂ ಪಾತ್ರೆಗಳನ್ನು ಒಳಗೆ ಜೋಡಿಸುತ್ತಿದ್ದರು. ತಳದಲ್ಲಿ ದಪ್ಪನೆಯವು, ಮೇಲೆ ತೆಳುವಾದವು, ಸಂದುಗಳಲ್ಲಿ ಹಣತೆ. ಎಲ್ಲವೂ ಬೋರಲು. ಒಂದಕ್ಕೊಂದು ತಾಗಬೇಕು, ಆದರೆ ಒತ್ತಬಾರದು. ನಡುವೆ ಬೆಂಕಿ ನುಸುಳಲು ದಾರಿ ಬೇಕು. ಜೋಡಿಸಿ ಮುಗಿದ ಮೇಲೆ ಒಡೆದ ಬೋಕಿಗಳನ್ನು ಹೆಂಚಿನಂತೆ ಹೊದಿಸಿ, ಅದರ ಮೇಲೆ ಹುಲ್ಲು ಹರಡಿ, ಹುಲ್ಲಿನ ಮೇಲೆ ತೆಳ್ಳಗೆ ಕೆಸರು ಮೆತ್ತಿದರು. ಹೊಗೆ ಹೋಗುವುದಕ್ಕೆ ಅಲ್ಲಲ್ಲಿ ಬೆರಳಗಲದ ಕಿಂಡಿ.

ಆ ಪಾತ್ರೆಗಳು ಅಲ್ಲಿಗೆ ಬರುವ ಮುಂಚೆ ನಡೆದ ಕೆಲಸವನ್ನು ಹುಡುಗ ನನಗೆ ಒಂದೊಂದಾಗಿ ತೋರಿಸಿದ. ಕೆರೆ ಬತ್ತಿದಾಗ ತಂದ ಅಂಟುಮಣ್ಣು ಒಂದು ರಾಶಿ, ಮರಳುಮಿಶ್ರಿತವಾದದ್ದು ಇನ್ನೊಂದು. ಎರಡನ್ನೂ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಕಾಲಿನಿಂದ ತುಳಿಯಬೇಕು. ತುಳಿಯುವಾಗ ಕಾಲಿಗೆ ಸಿಕ್ಕ ಒಂದೊಂದು ಸುಣ್ಣಕಲ್ಲನ್ನೂ ಹೆಕ್ಕಬೇಕು. ಒಂದು ಉಳಿದರೂ ಸುಟ್ಟ ಮೇಲೆ ಅದು ನೀರು ಕುಡಿದು ಅರಳಿ, ಗಡಿಗೆಯ ಪಕ್ಕೆಯನ್ನು ಸಿಡಿಸುತ್ತದೆ. ಗಡಿಗೆಯನ್ನು ಚಕ್ರದ ಮೇಲೆಯೇ ಪೂರ್ತಿ ಮಾಡುತ್ತಾರೆಂದು ತಿಳಿದಿದ್ದೆ. ಹಾಗಲ್ಲ. ತಿಗುರಿಯಿಂದ ದಾರದಲ್ಲಿ ಕೊಯ್ದು ಇಳಿಸಿದಾಗ ಅದಕ್ಕೆ ಕಂಠವುಂಟು, ತಳವಿಲ್ಲ. ಅರ್ಧ ಒಣಗಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗೆ ಮರದ ಹಲಗೆಯಿಂದ ತಟ್ಟಿ ತಟ್ಟಿ ಗೋಡೆಯನ್ನು ಎಳೆದು ತಳವನ್ನು ಮುಚ್ಚುತ್ತಾರೆ. ನಾವು ಹೊಗಳುವ ಆ ದುಂಡಗಿನ ಹೊಟ್ಟೆ ಚಕ್ರದ ಪವಾಡವಲ್ಲ, ಪೆಟ್ಟಿನ ಫಲ. ಹುಡುಗನ ತಾಯಿ ಜಗುಲಿಯಲ್ಲಿ ಕುಳಿತು ತಟ್ಟುತ್ತಿದ್ದರು. ನನ್ನೊಡನೆ ಮಾತನಾಡುವಾಗಲೂ ಅವರ ಕೈಯ ತಾಳ ತಪ್ಪಲಿಲ್ಲ.

ತಿಗುರಿಯ ವಿಷಯಕ್ಕೆ ಬಂದರೆ, ನಾನು ನೋಡಬೇಕೆಂದು ಆಸೆಪಟ್ಟು ಹೋದದ್ದು ಕೋಲಿನಿಂದ ತಿರುಗಿಸುವ ದೊಡ್ಡ ಚಕ್ರವನ್ನು. ಅದು ಹುಣಿಸೆಮರಕ್ಕೆ ಒರಗಿ ನಿಂತಿತ್ತು, ಮೇಲೆ ಸೀರೆಯೊಂದು ಒಣಗುತ್ತಿತ್ತು. ಒಳಗೆ ಸಣ್ಣಗೆ ಗುಂಯ್ಗುಡುತ್ತಿದ್ದುದು ವಿದ್ಯುತ್ ತಿಗುರಿ. 2018ರಲ್ಲಿ ಖಾದಿ ಆಯೋಗವು ಕುಂಬಾರರಿಗಾಗಿ ಯೋಜನೆಯೊಂದನ್ನು ಆರಂಭಿಸಿದಂದಿನಿಂದ ಇಂಥವು ಹಳ್ಳಿಗಳಿಗೆ ಬರುತ್ತಿವೆ. 2023ರ ಸೆಪ್ಟೆಂಬರಿನಲ್ಲಿ ಬಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿಯೂ ಕುಂಬಾರಿಕೆ ಸೇರಿದೆ, ಉಪಕರಣಕ್ಕೆಂದು 15,000 ರೂಪಾಯಿಗಳ ನೆರವಿದೆ. ಹಳೆಯ ಚಕ್ರ ಹೋಯಿತಲ್ಲ ಎಂದು ನಾನು ಹಲುಬಿದೆ. ಯಜಮಾನರು ಅಂಗಿಯ ತೋಳು ಮಡಿಸಿ ಬಲಭುಜವನ್ನು ತೋರಿಸಿದರು. ಅದು ಎಡಭುಜಕ್ಕಿಂತ ಎರಡು ಬೆರಳಷ್ಟು ಕುಸಿದಿತ್ತು. “ಕೋಲು ಹಾಕಿ ಹಾಕಿ ಹೀಗಾಗಿದೆ. ನೋಡುವವರಿಗೆ ಆ ಚಕ್ರ ಚೆಂದ,” ಎಂದರು. ಈ ಮಾತಿಗೆ ನಾನು ಉತ್ತರ ಹುಡುಕಲಿಲ್ಲ.

ಹಾಗಾದರೆ ಆವಿಗೆಯನ್ನೂ ವಿದ್ಯುತ್ತಿಗೆ ಒಪ್ಪಿಸಬಹುದಲ್ಲ ಎಂದು ಕೇಳಬಹುದು. ನಾನೂ ಕೇಳಿದೆ. ಗುಡಾಣದಂಥ ಪಾತ್ರೆ ಹಿಡಿಸುವ ವಿದ್ಯುತ್ ಕುಲುಮೆಯ ಬೆಲೆಗೆ ಅವರ ಮನೆ ಮಾರಿದರೂ ಸಾಲದು. ಅದರ ಬಿಲ್ಲು ಕಟ್ಟಲು ಗಡಿಗೆಯ ಬೆಲೆಯನ್ನು ಯಾರೂ ಕೊಳ್ಳಲಾರದಷ್ಟು ಏರಿಸಬೇಕು. ಆದುದರಿಂದ ಸೌದೆಯೇ ಗತಿ. ಸೌದೆಯಾದರೂ ಈಗ ಸುಲಭವಲ್ಲ. ತೆಂಗಿನ ನಾಡಾದುದರಿಂದ ಹಿಂದೆ ಗರಿ, ಮಟ್ಟೆ, ಚಿಪ್ಪುಗಳನ್ನು ತೋಟದವರು ಕರೆದು ಕೊಡುತ್ತಿದ್ದರಂತೆ. ಈಗ ಮಟ್ಟೆ ನಾರಿನ ಕಾರ್ಖಾನೆಗೆ, ಚಿಪ್ಪು ಇದ್ದಿಲಿಗೆ. ಜಾಲಿಯನ್ನೂ ನೀಲಗಿರಿಯ ಚಕ್ಕೆಯನ್ನೂ ದುಡ್ಡು ಕೊಟ್ಟು ತರಬೇಕು. ಕೆರೆಯ ಮಣ್ಣಿಗೆ ಅಪ್ಪಣೆ ಬೇಕು. ಅಪ್ಪಣೆ ಬರುವಷ್ಟರಲ್ಲಿ ಕೆರೆ ತುಂಬಿರುತ್ತದೆ. ಊರು ಬೆಳೆದು ಆವಿಗೆಯ ಪಕ್ಕಕ್ಕೇ ಬಡಾವಣೆ ಬಂದಿದೆ. ಹೊಗೆಯ ಬಗ್ಗೆ ದೂರು ಬಂದಿದೆ. ದೂರು ಕೊಟ್ಟವರ ಮನೆಯಲ್ಲಿ ಉಬ್ಬಸದ ಮಗುವೊಂದಿದೆ. ಯಾರನ್ನು ಬೈಯೋಣ?

ಸಂಜೆ ಆರಕ್ಕೆ ಅರಿಸಿನ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು ಬೆಂಕಿ ಹಾಕಿದರು. ಬೆಂಕಿಯೆಂದರೆ ಬೆಂಕಿಯಲ್ಲ; ಬಾಯಿಯ ಹೊರಗೆ ಒಂದಿಷ್ಟು ಕಸಕಡ್ಡಿಯ ಹೊಗೆ. ಹೀಗೆ ನಾಲ್ಕು ಗಂಟೆ ಹೊಗೆಯಾಡಿಸುವುದೇ ಮುಖ್ಯವಂತೆ. ಒಣಗಿದಂತೆ ಕಂಡರೂ ಮಣ್ಣಿನ ಒಡಲಿನಲ್ಲಿ ನೀರಿರುತ್ತದೆ. ಒಂದು ಲೋಟ ನೀರು ಆವಿಯಾದಾಗ 1,600 ಲೋಟಕ್ಕೂ ಹೆಚ್ಚು ಜಾಗ ಬೇಡುತ್ತದೆಯೆಂಬುದು ಭೌತಶಾಸ್ತ್ರದ ಲೆಕ್ಕ. ಅದಕ್ಕೆ ಮೆಲ್ಲನೆ ಹೊರಬರುವ ದಾರಿ ಕೊಡದಿದ್ದರೆ ಗಡಿಗೆಯನ್ನು ಸೀಳಿಕೊಂಡೇ ಬರುತ್ತದೆ. ಯಜಮಾನರು ಆ ಲೆಕ್ಕವನ್ನು ಓದಿದವರಲ್ಲ. ಮೇಲಿನ ಕಿಂಡಿಗೆ ಒಂದು ಚೂರು ಗಾಜನ್ನು ಹಿಡಿದು, ಅದರ ಮೇಲೆ ಬೆವರು ಕಟ್ಟುವುದು ನಿಲ್ಲುವವರೆಗೆ ಕಾದರು. ನಿಂತ ಮೇಲೆಯೇ ಬಾಯಿಯೊಳಕ್ಕೆ ಸೌದೆ ತಳ್ಳಿದರು.

ಅಲ್ಲಿಂದ ಮುಂದೆ ಬೆಂಕಿಯ ಸ್ವರೂಪವೇ ಬೇರೆ. ಹತ್ತೂವರೆಗೆ ಒಳಗೆ ಕಪ್ಪು. ಹನ್ನೆರಡರ ಹೊತ್ತಿಗೆ ಕಿಂಡಿಯಲ್ಲಿ ಕಣ್ಣಿಟ್ಟರೆ ಮಂದವಾದ ಕೆಂಪು. ಸುಮಾರು 500–600 ಡಿಗ್ರಿ ಶಾಖದಲ್ಲಿ ಮಣ್ಣಿನ ಕಣಕಣದೊಳಗೆ ರಾಸಾಯನಿಕವಾಗಿ ಬೆರೆತ ನೀರೂ ಬಿಟ್ಟುಹೋಗುತ್ತದೆ. ಅದು ಹೋಯಿತೆಂದರೆ ಮಣ್ಣು ಮತ್ತೆ ಕೆಸರಾಗಲಾರದು. ಎಷ್ಟು ನೆನೆಸಿದರೂ ಎಷ್ಟು ಕುಟ್ಟಿದರೂ ಬೋಕಿ ಬೋಕಿಯೇ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಎರಡು ಸಾವಿರ ವರ್ಷಗಳ ಹಿಂದಿನ ಪಾತ್ರೆಗಳು ದೊರೆತದ್ದು ಇದರಿಂದಲೇ. ಕಟ್ಟಿದ್ದ ಮನೆ ಉಳಿಯಲಿಲ್ಲ, ಉಟ್ಟ ಬಟ್ಟೆ ಉಳಿಯಲಿಲ್ಲ. ಉಂಡ ಮಡಕೆ ಉಳಿಯಿತು. ಆ ಬೃಹತ್ ಶಿಲಾಗೋರಿಗಳ ಕಾಲದ ಪಾತ್ರೆಗಳಲ್ಲಿ ಒಂದು ಬಗೆಯವು ವಿಚಿತ್ರವಾಗಿರುತ್ತವೆ: ಒಳಗೂ ಬಾಯಿಯ ಸುತ್ತಲೂ ಕಪ್ಪು, ಕೆಳಗಿನ ಮೈ ಕೆಂಪು. ಅವುಗಳ ಚಿತ್ರವೊಂದು ನನ್ನ ಫೋನಿನಲ್ಲಿತ್ತು. ತೋರಿಸಿದೆ. ಯಜಮಾನರು ಬೆಂಕಿಯ ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿ, “ಬೋರಲು ಹಾಕಿ ಬಾಯನ್ನು ಹೊಟ್ಟಿನಲ್ಲಿ ಹೂತಿದ್ದಾರೆ. ಗಾಳಿ ಸಿಕ್ಕ ಕಡೆ ಕೆಂಪಾಗಿದೆ, ಉಸಿರು ಕಟ್ಟಿದ ಕಡೆ ಕಪ್ಪಾಗಿದೆ,” ಎಂದು ಫೋನನ್ನು ಹಿಂದಕ್ಕೆ ಕೊಟ್ಟರು. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಗಾಳಿ ದೊರೆತರೆ ಕೆಂಪು, ಹೊಗೆ ಕವಿದರೆ ಕಪ್ಪು. ಪುರಾತತ್ತ್ವಜ್ಞರಲ್ಲಿ ಹಲವರ ವಿವರಣೆಯೂ ಇದೇ. ಸುಟ್ಟವನ ಕೆಲಸವನ್ನು ಸುಡುವವನು ಓದಿದ ರೀತಿ ಅದು. ಎರಡು ಸಾವಿರ ವರ್ಷದ ಅಂತರ ಅವರಿಗೆ ಒಂದು ಅಡ್ಡಿಯಾಗಿ ಕಾಣಲೇ ಇಲ್ಲ.

ಒಂದು ಗಂಟೆಯ ಸುಮಾರಿಗೆ ಒಳಗಿಂದ ‘ಠಪ್’ ಎಂದು ಶಬ್ದವಾಯಿತು. ಯಾರೂ ಮಾತನಾಡಲಿಲ್ಲ. ಹುಡುಗ ಬೆರಳು ಮಡಿಸಿದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.

ಇನ್ನು ಬುದ್ಧಿ ಹೇಳುವ ಕಾರ್ಯಕ್ರಮ. ಅದನ್ನು ಯಜಮಾನರೇ ಆರಂಭಿಸಿದರು. ತಮ್ಮ ಅಜ್ಜ ನಾಡಹೆಂಚು ಮಾಡುತ್ತಿದ್ದರಂತೆ. ತಿಗುರಿಯ ಮೇಲೆ ಕೊಳವೆಯಂತೆ ಎತ್ತಿ, ಉದ್ದಕ್ಕೆ ಸೀಳಿ, ಎರಡು ಹೆಂಚು. ಮಂಗಳೂರು ಹೆಂಚು ಬಂದು ಅದು ನಿಂತಿತು. (ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದುದು 1865ರಲ್ಲಿ, ಅದು ಈ ಊರಿನ ಮಾಡುಗಳನ್ನು ಮುಟ್ಟಲು ಎಷ್ಟೋ ಕಾಲ ಹಿಡಿದಿರಬೇಕು.) ತಂದೆಯ ಕಾಲಕ್ಕೆ ಅಲ್ಯೂಮಿನಿಯಂ ಬಂದು ಅಡಿಗೆಯ ಮಡಕೆ ಹೋಯಿತು. ತಮ್ಮ ಕಾಲಕ್ಕೆ ಪ್ಲಾಸ್ಟಿಕ್ಕು ಬಂದು ಕೊಡ ಹೋಯಿತು. “ಇನ್ನು ಇವನ ಕಾಲಕ್ಕೆ ಏನಿದೆ ಹೇಳಿ ಮೇಷ್ಟ್ರೆ? ದೀಪಾವಳಿಗೆ ಹಣತೆ, ಬೇಸಗೆಗೆ ನಾಲ್ಕು ಹೂಜಿ. ಹಣತೆಯೂ ಅಚ್ಚಿನಲ್ಲಿ ಒತ್ತಿದ್ದು ಹೊರರಾಜ್ಯದಿಂದ ಲಾರಿಯಲ್ಲಿ ಬರುತ್ತದೆ.”

ಮಗ ಒಳಗೆ ಹೋಗಿ ಒಂದು ನೋಟುಪುಸ್ತಕ ತಂದ. ಕಾಲೇಜಿನ ನನ್ನ ಪಾಠದ ಟಿಪ್ಪಣಿ ಅದರ ಮೊದಲ ಪುಟಗಳಲ್ಲಿತ್ತು. ಹಿಂದಿನಿಂದ ತಿರುಗಿಸಿದರೆ ಲೆಕ್ಕ. ತುಮಕೂರಿನ ಎರಡು ಹೋಟೆಲಿನವರು ಬಿರಿಯಾನಿಗೆ ಕೈಯಗಲದ ಗಡಿಗೆಗಳನ್ನು ವಾರ ವಾರ ಕೊಳ್ಳುತ್ತಾರೆ. ಚಹದ ಅಂಗಡಿಯವರು ಕುಡಿಕೆ ಕೇಳುತ್ತಾರೆ. ಬೆಂಗಳೂರಿನಿಂದ ಮೊಸರಿನ ಮಡಕೆಗೆ ಫೋನು ಬರುತ್ತದೆ. ಸೌದೆ, ಮಣ್ಣಿನ ಸಾಗಣೆ, ಟೆಂಪೋ ಬಾಡಿಗೆ, ಒಡೆದದ್ದು ಎಲ್ಲವನ್ನೂ ಕಳೆದು ತೋರಿಸಿದ. ಉಳಿಯುವುದು ಕಾರ್ಖಾನೆಯ ಸಂಬಳಕ್ಕಿಂತ ಕಡಮೆಯೇ. ಆದರೆ ಬಹಳ ಕಡಮೆಯಲ್ಲ. ಅದನ್ನು ಅವನು ಮುಚ್ಚಿಡಲಿಲ್ಲ. ಕೆಳಗೆ ಗೆರೆ ಎಳೆದಿದ್ದ.

ತಂದೆಗೆ ನೋವಾದದ್ದು ಲೆಕ್ಕದಿಂದಲ್ಲವೆಂದು ನನಗೆ ಆಗ ತಿಳಿಯಿತು. “ಒಂದು ಹೊತ್ತು ಉಂಡು ತಿಪ್ಪೆಗೆ ಎಸೆಯುತ್ತಾರೆ ಮೇಷ್ಟ್ರೆ. ನನ್ನ ಅಪ್ಪ ಮಾಡಿದ ಗುಡಾಣದಲ್ಲಿ ಗೌಡರ ಮನೆಯವರು ಈಗಲೂ ರಾಗಿ ಹಾಕಿದ್ದಾರೆ. ಒಂದು ಹೊತ್ತಿನ ಊಟಕ್ಕಾ ನಾವು ಮಣ್ಣು ತುಳಿಯೋದು? ಇದಕ್ಕಿಂತ ಕಾರ್ಖಾನೆ ಮೇಲು.”

ಮಗ ಸೌದೆಯೊಂದನ್ನು ಒಳಕ್ಕೆ ದೂಡಿದ. ಬೆಂಕಿಯನ್ನೇ ನೋಡುತ್ತ ಕೇಳಿದ: “ಮಸಣದ ಮಡಕೆ ಎಷ್ಟು ಹೊತ್ತು ಬಾಳುತ್ತೆ ಅಪ್ಪ?”

ನಮ್ಮ ಕಡೆಯ ವಾಡಿಕೆಯನ್ನು ಓದುಗರು ಬಲ್ಲರು. ಚಿತೆಯ ಸುತ್ತ ಬರುವವನ ಹೆಗಲ ಮೇಲಿನ ಮಡಕೆಗೆ ಸುತ್ತಿಗೊಂದು ತೂತು; ಮೂರು ಸುತ್ತು ಮುಗಿದೊಡನೆ ಹಿಂದಕ್ಕೆ ಬಿಟ್ಟು ಒಡೆಯಬೇಕು. ಕಾಲು ಗಂಟೆಯೂ ಅದರ ಆಯುಸ್ಸಲ್ಲ. ಊರಿನಲ್ಲಿ ಯಾರು ಸತ್ತರೂ ಆ ಮಡಕೆಯನ್ನು ಈ ಯಜಮಾನರೇ ಕೊಡಬೇಕು. ಅದಕ್ಕೆ ಅವರು ಬೆಲೆ ಹೇಳುವುದಿಲ್ಲವೆಂದೂ, ಅದಕ್ಕಾಗಿ ಒಡಕಿಲ್ಲದ ಒಳ್ಳೆಯ ಮಡಕೆಯನ್ನೇ ಆರಿಸಿ ಒಂದನ್ನು ಯಾವಾಗಲೂ ತೆಗೆದಿರಿಸಿರುತ್ತಾರೆಂದೂ ಹುಡುಗನ ತಾಯಿ ಸಂಜೆ ನನಗೆ ಹೇಳಿದ್ದರು.

ಅಪ್ಪ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಆವಿಗೆಯ ಮೇಲಿನ ಕೆಸರು ಬಿರಿದ ಕಡೆ ಒದ್ದೆಮಣ್ಣು ಮೆತ್ತಿದರು. ಅಗತ್ಯವಿದ್ದುದಕ್ಕಿಂತ ಹೆಚ್ಚು ಹೊತ್ತು ಮೆತ್ತಿದರು.

ನನ್ನ ಸರದಿ ಬಂದಿತ್ತು. ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಖಾನಾಪುರದ ತರಬೇತಿಗೆ ಹೋಗಿ ಬಾ, ಪದವಿಯ ಕೊನೆಯ ಪರೀಕ್ಷೆಯನ್ನು ಮಾತ್ರ ಬಿಡಬೇಡ, ಹೊಗೆ ಕಡಮೆಯಾಗುವಂತೆ ಆವಿಗೆಗೆ ಎತ್ತರದ ಕೊಳವೆ ಕಟ್ಟುವ ವಿಧಾನವನ್ನು ಅಲ್ಲಿ ಕೇಳಿಕೊ, ಒಂದು ವರ್ಷ ಈ ನೋಟುಪುಸ್ತಕವನ್ನು ಹೀಗೆಯೇ ಬರೆ, ಆಮೇಲೆ ಅಪ್ಪನಿಗೆ ತೋರಿಸು. ಕಸುಬನ್ನು ಉಳಿಸು ಎಂದು ಹೇಳಲಿಲ್ಲ. ಉಳಿಸುವ ಹೊರೆ ಅವನ ಹೆಗಲಿನದು, ಉಳಿಯಿತೆಂದು ಹಿಗ್ಗುವ ಸುಖ ಮಾತ್ರ ನನ್ನದು. ಈ ವ್ಯಾಪಾರದಲ್ಲಿ ಉಪದೇಶಕ್ಕೆ ನನಗೆ ಅಧಿಕಾರವಿಲ್ಲ. ನಮ್ಮ ಪಟ್ಟಣಿಗರ ಕುಶಲಕಲಾ ಪ್ರೇಮವು ಬಹುಮಟ್ಟಿಗೆ ಪ್ರದರ್ಶನದ ಮಳಿಗೆಯಲ್ಲಿ ಚೌಕಾಸಿ ಮಾಡುವುದರಲ್ಲಿಯೇ ಮುಗಿಯುತ್ತದೆ. ಹತ್ತು ರೂಪಾಯಿ ಹೆಚ್ಚು ಕೊಟ್ಟು ಒಂದು ಗಡಿಗೆ ತಂದು, ಅದರಲ್ಲಿ ನಿಜವಾಗಿ ಸಾರು ಮಾಡುವವರು ನಾಲ್ಕು ಜನ ಹೆಚ್ಚಾದರೆ ಆ ನೋಟುಪುಸ್ತಕದ ಗೆರೆಯ ಕೆಳಗಿನ ಅಂಕಿ ಸ್ವಲ್ಪ ಬದಲಾದೀತು. (ಹೊಸ ಗಡಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಮೊದಲ ಸಲ ಗಂಜಿ ಕಾಯಿಸಿ ಚೆಲ್ಲಬೇಕು; ಗಂಜಿ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಇದು ಹುಡುಗನ ತಾಯಿಯ ಸಲಹೆ.)

ಮೂರೂವರೆಗೆ ಕಿಂಡಿಯೊಳಗಿನ ಕೆಂಪು ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ಬಂದಿತು. ಇಂಥ ಆವಿಗೆಗಳಲ್ಲಿ ಶಾಖ ಸಾಧಾರಣವಾಗಿ 700ರಿಂದ 900 ಡಿಗ್ರಿಯೊಳಗೆ ಇರುತ್ತದೆ. ಅಳೆಯುವ ಯಂತ್ರ ಅಲ್ಲಿರಲಿಲ್ಲ. ಇಬ್ಬರೂ ಒಂದೇ ಕಿಂಡಿಯಲ್ಲಿ ಒಬ್ಬರಾದ ಮೇಲೊಬ್ಬರು ನೋಡಿ, ಒಂದೇ ಸಲ ತಲೆಯಾಡಿಸಿದರು. ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿದರು. ಇನ್ನು ಮರುದಿನ ಮಧ್ಯಾಹ್ನದವರೆಗೆ ಮುಟ್ಟುವಂತಿಲ್ಲ. ತಣ್ಣನೆಯ ಗಾಳಿ ತಗುಲಿದರೆ ಅಷ್ಟೂ ಸೀಳುತ್ತವೆ.

ಭಾನುವಾರ ಎರಡು ಗಂಟೆಗೆ ತೆರೆದರು. 310 ಪಾತ್ರೆಗಳಲ್ಲಿ 23 ಹೋಗಿದ್ದವು. ಯಜಮಾನರು ಒಂದೊಂದನ್ನೂ ಎಡಗೈಯಲ್ಲಿ ತೂಗಿ ಹಿಡಿದು ಬಲಗೈ ಗೆಣ್ಣಿನಿಂದ ಬಾರಿಸಿ ಕಿವಿಗೊಡುತ್ತಿದ್ದರು. ಗಂಟೆಯಂತೆ ಕಣ್ಣೆಂದರೆ ಬಲಕ್ಕೆ, ಬೊದ್ದೆಂದರೆ ಎಡಕ್ಕೆ. ಬಲಗಡೆಯಿಂದ ಒಂದು ಮಡಕೆಯನ್ನು ಆರಿಸಿ ಅವರ ಹೆಂಡತಿಯ ಕೈಗೆ ಕೊಟ್ಟರು. ಆಕೆ ಏನೂ ಕೇಳದೆ ಒಳಗೆ ಒಯ್ದು ಮೂಲೆಯಲ್ಲಿ ಬೋರಲಿಟ್ಟರು.

ಅಷ್ಟರಲ್ಲಿ ಹೋಟೆಲಿಗೆ ಹೋಗುವ ಟೆಂಪೋ ಬಂದಿತು. ಹುಡುಗ ಬಿರಿಯಾನಿಯ ಗಡಿಗೆಗಳನ್ನು ಸಾಲುಸಾಲಾಗಿ ಏರಿಸತೊಡಗಿದ. ಚಾಲಕನಿಗೆ ಅವಸರ. ಯಜಮಾನರು ದೂರ ನಿಂತು ನೋಡಿದರು, ಟವೆಲಿನಿಂದ ಮುಖ ಒರಸಿಕೊಂಡರು, ಮತ್ತೆ ನೋಡಿದರು. ಆಮೇಲೆ ಕೊಟ್ಟಿಗೆಗೆ ಹೋಗಿ ಒಂದು ತೆಕ್ಕೆ ಹುಲ್ಲು ತಂದು, ಮಗನನ್ನು ಪಕ್ಕಕ್ಕೆ ಸರಿಸಿ, ಗಡಿಗೆ ಗಡಿಗೆಯ ನಡುವೆ ತಾವೇ ತುರುಕಿದರು.

“ಇಷ್ಟು ಹುಲ್ಲಿಗೆ ಕ್ಯಾತ್ಸಂದ್ರ ದಾಟುವುದರೊಳಗೆ ಎಲ್ಲ ಬೋಕಿಯಾಗುತ್ತೆ,” ಎಂದರು. “ಹೋಗು, ಇನ್ನೊಂದು ಹೊರೆ ತಾ.”